ಒಂದೇ ಒಂದು ಹಾಜರಿ

ಜೆರೆ ಮೇಷ್ಟ್ರು ಮೂವತ್ತೊಂದು ವರ್ಷ ಮಕ್ಕಳ ಹಾಜರಿ ತೆಗೆದುಕೊಂಡವರು. ನಿವೃತ್ತರಾದ ಮೇಲೂ ಆ ಚಟ ಬಿಡಲಿಲ್ಲ. ಮಕ್ಕಳಿಲ್ಲದಿದ್ದರೇನು, ಓದುಗರಿದ್ದಾರಲ್ಲ ಎಂದು ತಮ್ಮ ಬ್ಲಾಗಿಗೆ ಬಂದವರ ಹಾಜರಿಯನ್ನು ಹಳೆಯ ಶಾಲೆಯ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆಯತೊಡಗಿದರು. ಶುಕ್ರವಾರ ಹೊಸ ಬರಹ ಹಾಕುವುದು, ಸೋಮವಾರ ಪುಟದ ತುದಿಯಲ್ಲಿರುವ ಎಣಿಕೆ ನೋಡಿ ಬರೆದುಕೊಳ್ಳುವುದು. ಆಮೇಲೆ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಚಾಂಬೋಲಿ ಮಾರ್ಕೆಟ್ಟಿನ ನನ್ನ ಹೊಲಿಗೆ ಅಂಗಡಿಗೆ ಬಂದು ಕೂರುವುದು.

ಅವರು ಬರೆಯುತ್ತಿದ್ದದ್ದು ನಮ್ಮ ಕಿಟ್ವೆ ಊರಿನ ತಾಮ್ರದ ಗಣಿ ಕಾಲೊನಿಯವರ ಬಗ್ಗೆಯೇ. ಯಾರ ಕೋಳಿ ಯಾರ ಪಾತ್ರೆ ಸೇರಿತು, ಯಾವ ಗಡಿಯಾರ ರಿಪೇರಿಯವನು ತನ್ನ ಮದುವೆಗೇ ತಡವಾಗಿ ಹೋದ, ಇಂಥವು. ನಗಿಸುತ್ತ ನಗಿಸುತ್ತ ಕೊನೆಗೆ ಕಣ್ಣಲ್ಲಿ ನೀರು ತರಿಸುತ್ತಿದ್ದರು. ಇದನ್ನು ನಾನು ಅವರೆದುರು ಎಂದೂ ಹೇಳಿದವಳಲ್ಲ. ಹೇಳುವ ಹಾಗೂ ಇರಲಿಲ್ಲ. ನಾನು ಬೆಂಬಾ ಬುಡಕಟ್ಟಿನವಳು, ಅವರು ಎನ್ಗೋನಿ ಬುಡಕಟ್ಟಿನವರು. ನಮ್ಮ ಮುತ್ತಜ್ಜಂದಿರು ಈಟಿ ಹಿಡಿದು ಬಡಿದಾಡಿ ಸುಸ್ತಾದ ಮೇಲೆ ನಮಗೆ ಬಿಟ್ಟುಹೋದ ಆಸ್ತಿ ಚಿಂಬುಯಾ, ಅಂದರೆ ಎಲ್ಲಿ ಸಿಕ್ಕರೂ ಒಬ್ಬರನ್ನೊಬ್ಬರು ಹಂಗಿಸುವ ಹಕ್ಕು. ಸಾವಿನ ಮನೆಯಲ್ಲೂ ಅದಕ್ಕೆ ರಜೆಯಿಲ್ಲ. ಅವರು ನನ್ನನ್ನು ಮಂಗ ತಿನ್ನುವವಳು ಅನ್ನಬೇಕು, ನಾನು ಅವರನ್ನು ಇಲಿ ತಿನ್ನುವವರು ಅನ್ನಬೇಕು. ಹೊಗಳಿದವರು ಸೋತ ಹಾಗೆ.

ಮೂರು ವರ್ಷದ ಹಿಂದೆ ಹಾಜರಿ ಆರುನೂರು ದಾಟುತ್ತಿತ್ತು. ಆಮೇಲೆ ಇನ್ನೂರಾಯಿತು, ನಲವತ್ತಾಯಿತು. ಮೇಷ್ಟ್ರು ಮೊದಲು ಮಳೆಗಾಲವನ್ನು ಬೈದರು, ಆಮೇಲೆ ಪರೀಕ್ಷೆಗಳನ್ನು, ಆಮೇಲೆ ಫುಟ್‌ಬಾಲನ್ನು. ಬೈಯಲು ಯಾರೂ ಉಳಿಯದೆ ಕೊನೆಗೆ ತಮ್ಮನ್ನೇ ಬೈದುಕೊಳ್ಳತೊಡಗಿದರು. ಒಂದು ಸೋಮವಾರ ಹನ್ನೊಂದಕ್ಕೆ ಬಂದು ನಿಂತಿತು. ಹನ್ನೊಂದು ಜನ ಅಂದರೆ ಒಂದು ಟೀಮೇ ಆಯಿತಲ್ಲ, ಇಲಿ ಹಿಡಿಯೋಕೆ ಸಾಲದೇ ಎಂದು ಕೆಣಕಿದೆ. ಅವರು ತಿರುಗಿ ಕೆಣಕಲಿಲ್ಲ. ಆಗಲೇ ನನಗೆ ಗಾಬರಿಯಾದದ್ದು.

"ಐದಕ್ಕಿಂತ ಕೆಳಗಿಳಿದ್ರೆ ಮುಚ್ಚಿಬಿಡ್ತೀನಿ ಬನಾ ಚೋಲಾ," ಅಂದರು. ಚೋಲಾ ನನ್ನ ದೊಡ್ಡ ಮಗಳು, ಅವಳ ತಾಯಿ ಎಂದೇ ನನ್ನನ್ನು ಎಲ್ಲರೂ ಕರೆಯುವುದು. "ಖಾಲಿ ಕ್ಲಾಸಿಗೆ ಪಾಠ ಮಾಡೋಕೆ ನನಗೇನು ತಲೆ ಕೆಟ್ಟಿದೆಯಾ?"

ಹೆಂಡತಿ ತೀರಿಕೊಂಡ ವರ್ಷ ಶುರು ಮಾಡಿದ ಬ್ಲಾಗು ಅದು. ಅದೂ ನಿಂತರೆ ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಎಂಬ ಚಿಂತೆ ನನಗೇ ಹತ್ತಿತು. ಯಾಕೆಂದರೆ ಆ ಹಾಜರಿ ಕದ್ದ ಕಳ್ಳಿ ನಾನೇ.

ನಮ್ಮ ಕಡೆ ಯಾರೂ ಪೂರ್ತಿ ಇಂಟರ್ನೆಟ್ ಹಾಕಿಸುವುದಿಲ್ಲ. ವಾಟ್ಸಾಪಿಗೆ ಮಾತ್ರ ಆಗುವ ಅಗ್ಗದ ಡೇಟಾ ಬಂಡಲ್ ಹಾಕಿಸುತ್ತೇವೆ. ಬ್ಲಾಗು ತೆರೆಯಬೇಕೆಂದರೆ ಬೇರೆ ಬಂಡಲ್ ಬೇಕು. ಎಲ್ಲರೂ ಯಾಕೆ ಖರ್ಚು ಮಾಡಬೇಕು ಎಂದು ನಾನೊಬ್ಬಳೇ ತೆರೆದು, ಪರದೆಯ ಫೋಟೊ ತೆಗೆದು ಚರ್ಚಿನ ಹೆಂಗಸರ ಗುಂಪಿಗೆ ಹಾಕುತ್ತಿದ್ದೆ. ಅಕ್ಷರ ಸಣ್ಣದು, ಮೇಷ್ಟ್ರ ಇಂಗ್ಲಿಷ್ ಕಷ್ಟ ಎಂದು ಅವರು ಗೊಣಗಿದರು. ಸರಿ, ನಮ್ಮ ಬೆಂಬಾ ಭಾಷೆಯಲ್ಲಿ ಓದಿ ಧ್ವನಿ ಸಂದೇಶ ಕಳಿಸತೊಡಗಿದೆ. "ಸೂಜಿ ಕೆಳಗಿಡಿ, ಕೇಳಿ," ಎಂದು ಶುರು ಮಾಡುತ್ತಿದ್ದೆ. ಅದು ಅವರ ಗಂಡಂದಿರಿಗೆ ಹೋಯಿತು, ಮಿನಿಬಸ್ಸಿನವರಿಗೆ ಹೋಯಿತು, ಪಕ್ಕದ ಊರು ಲುವಾನ್ಶ್ಯಾದ ತಂಗಿಯರಿಗೆ ಹೋಯಿತು. ಬನಾ ಚೋಲಾ ಓದುತ್ತಾಳಲ್ಲ ಎಂದು ಮೊದಲು ಬ್ಲಾಗು ತೆರೆಯುತ್ತಿದ್ದವರೂ ತೆರೆಯುವುದು ಬಿಟ್ಟರು. ನನ್ನ ದನಿ ಬೆಳೆದ ಹಾಗೆಲ್ಲ ಅವರ ಹಾಜರಿ ಬಿತ್ತು. ಇದು ನನಗೆ ಹೊಳೆದದ್ದು ತೀರ ತಡವಾಗಿ.

ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಹೇಳಲಿ? ಬೆಂಬಾದವರನ್ನು ಆಡಿಕೊಂಡ ಸಾಲುಗಳನ್ನು ನುಂಗಿದ್ದೆ, ಎನ್ಗೋನಿಯವರನ್ನು ಆಡಿಕೊಳ್ಳುವ ನನ್ನದೇ ಸಾಲುಗಳನ್ನು ಸೇರಿಸಿದ್ದೆ. ಹೆಸರು ಹೇಳಿದರೆ ಹೊಗಳಿದ ಹಾಗಾಗುತ್ತದೆಂದು ಬರೆದವರ ಹೆಸರನ್ನೂ ಬಿಟ್ಟಿದ್ದೆ. ಮೇಷ್ಟ್ರಿಗೆ ಹೇಳಬೇಡಿ ಎಂದು ಗುಂಪಿನವರಿಗೂ ಹೇಳಿಟ್ಟಿದ್ದೆ.

ಮುಂದಿನ ಸೋಮವಾರ ಹಾಜರಿ ನಾಲ್ಕು. ಮೇಷ್ಟ್ರು ಪುಸ್ತಕ ಮುಚ್ಚಿದರು. ಬರುವ ಶುಕ್ರವಾರದ್ದೇ ಕೊನೆಯದು ಎಂದು ಹೇಳಿ ಎದ್ದುಹೋದರು.

ಮಂಗಳವಾರ ಗಡಿಯಾರ ರಿಪೇರಿಯ ಮುದುಕ ಮುಸೊಂಡಾ ತೀರಿಕೊಂಡ. ಅವನು ಬೆಂಬಾ, ಹಾಗಾಗಿ ಅಲ್ಲಿ ನಗಿಸುವ ಕೆಲಸ ಮೇಷ್ಟ್ರದು. ಮನಸ್ಸು ಎಷ್ಟು ಭಾರವಿದ್ದರೂ ಅದನ್ನು ತಪ್ಪಿಸುವ ಹಾಗಿಲ್ಲ. ಬುಧವಾರ ಶವಪೆಟ್ಟಿಗೆ ಹೊರಗೆ ತರುವಾಗ ಮುಸೊಂಡಾನ ಅಲಾರಂ ಗಡಿಯಾರ ಹಿಡಿದು ಬಾಗಿಲಿಗೆ ಅಡ್ಡ ನಿಂತರು. "ಹೊತ್ತಾಯ್ತಯ್ಯಾ, ಇವತ್ತಾದ್ರೂ ಸರಿಯಾದ ಟೈಮಿಗೆ ಹೊರಡು," ಎಂದು ಅವನ ಕಿವಿಯ ಕಡೆ ಅಲಾರಂ ಹೊಡೆಸಿದರು. ಅಳುತ್ತಿದ್ದವರೆಲ್ಲ ನಕ್ಕರು.

ಆಗ ಲುವಾನ್ಶ್ಯಾದಿಂದ ಬಂದಿದ್ದ ಒಬ್ಬ ದಪ್ಪ ಹೆಂಗಸು ಸೊಂಟಕ್ಕೆ ಸುತ್ತಿದ ಚಿತೆಂಗೆ ಬಟ್ಟೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಊರಿಗೆಲ್ಲ ಟೈಮು ಹೇಳಿ ತನ್ನ ಮದುವೆಗೇ ತಡ ಮಾಡಿದೋನು," ಅಂದಳು. ನೆಲದ ಮೇಲೆ ಕೂತಿದ್ದ ಹೆಂಗಸರೆಲ್ಲ ಒಂದೇ ದನಿಯಲ್ಲಿ ಮುಗಿಸಿದರು: "ದಾರೀಲಿ ಒಬ್ಬ ಎನ್ಗೋನಿ ಇಲಿ ಬಿಲ ಕಾಯೋಕೆ ನಿಲ್ಲಿಸ್ಕೊಂಡಿದ್ದನಂತೆ."

ಮೇಷ್ಟ್ರು ಗಡಿಯಾರ ಕೆಳಗಿಳಿಸಿದರು. ಮೊದಲರ್ಧ ಅವರದು. ಉಳಿದದ್ದನ್ನು ಅವರು ಬರೆದೇ ಇರಲಿಲ್ಲ. ಎಲ್ಲಿ ಓದಿದೆಯಮ್ಮಾ ಎಂದು ಆ ಹೆಂಗಸನ್ನು ಮೆಲ್ಲಗೆ ಕೇಳಿದರು.

"ಓದೋದೆಲ್ಲಿ ಬಂತಪ್ಪಾ, ಕೇಳಿದ್ದು. ಸೂಜಿ ಕೆಳಗಿಡಿ ಅಂತ ಶುರು ಮಾಡ್ತಾಳೆ ಒಬ್ಬಳು, ಶುಕ್ರವಾರ ಶುಕ್ರವಾರ. ನನ್ನ ಗಂಡ ಊಟ ಬಿಟ್ಟು ಕೇಳ್ತಾನೆ. ಯಾರು ಬರೀತಾರೋ ಪುಣ್ಯಾತ್ಮರು, ಗೊತ್ತಿಲ್ಲ."

ಚಾಂಬೋಲಿಯಲ್ಲಿ ಸೂಜಿ ಹಿಡಿದು ಬಾಯಿ ಬಿಡುವವಳು ನಾನೊಬ್ಬಳೇ. ಮೇಷ್ಟ್ರು ಅಂಗಳದ ಈಚೆ ಮೆಕ್ಕೆಜೋಳದ ಹಿಟ್ಟಿನ ಎನ್ಶಿಮಾ ಮುದ್ದೆ ತಿರುವುತ್ತಿದ್ದ ನನ್ನ ಕಡೆ ತಿರುಗಿದರು. ನಾನು ಮುಖವನ್ನು ಹಂಡೆಯ ಹಬೆಯೊಳಗೆ ಅಡಗಿಸಿದೆ.

ಮಾರನೆಯ ದಿನ ಅಂಗಡಿಗೆ ಬಂದರು. ಕೂರಲಿಲ್ಲ.

"ನನ್ನ ಕ್ಲಾಸು ಪೂರ್ತಿ ನಿನ್ನ ಅಂಗಡೀಲಿ ಕೂತಿತ್ತು," ಅಂದರು. "ನಾನು ಖಾಲಿ ಬೆಂಚು ನೋಡ್ಕೊಂಡು ಕಣ್ಣೀರು ಹಾಕ್ತಿದ್ದೆ."

ನಾಚಿಕೆಯಿಂದ ಕುಗ್ಗಿಹೋದೆ. "ತಪ್ಪಾಯ್ತು ಮೇಷ್ಟ್ರೇ," ಅಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕುಹಕವಿಲ್ಲದೆ ಆಡಿದ ಮಾತು ಅದು.

"ಹಂಗೆಲ್ಲ ಮಾತಾಡಬೇಡ, ಹೆದರಿಕೆ ಆಗುತ್ತೆ," ಅಂದರು ಮೇಷ್ಟ್ರು. ಆಮೇಲೆ ಕೂತರು. ಎಷ್ಟು ಜನ ಕೇಳುತ್ತಾರೆ ಎಂದು ಪುಸ್ತಕ ತೆರೆದರು. ನನಗೆಲ್ಲಿ ಗೊತ್ತು? ಒಬ್ಬರು ಫೋನು ಹಿಡಿದರೆ ಸುತ್ತ ಆರು ಜನ ಕಿವಿಯಿಡುತ್ತಾರೆ, ಬಸ್ಸಿನಲ್ಲಾದರೆ ಬಸ್ಸಿಗೆ ಬಸ್ಸೇ ಕೇಳುತ್ತದೆ. ಅವರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಏನೂ ಬರೆಯದೆ ಎದ್ದುಹೋದರು. ಬ್ಲಾಗು ಮುಚ್ಚುತ್ತಾರೋ ಇಲ್ಲವೋ ಹೇಳಲಿಲ್ಲ. ನನಗೂ ಕೇಳಲು ಧೈರ್ಯ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಬ್ಲಾಗು ತೆರೆದೆ. ಹೊಸ ಬರಹವಿತ್ತು, ಮುಸೊಂಡಾನ ಸಾವಿನ ಬಗ್ಗೆ. ಕೆಳಗೆ ಎಣಿಕೆ ಒಂದು. ಆ ಒಂದು ನಾನೇ. ಫೋನಿನ ಗುಂಡಿ ಒತ್ತಿ ಹಿಡಿದು ಬೆಂಬಾದಲ್ಲಿ ಶುರು ಮಾಡಿದೆ: "ಸೂಜಿ ಕೆಳಗಿಡಿ, ಕೇಳಿ. ಬರೆದವರು ಜೆರೆ ಮೇಷ್ಟ್ರು, ಇಲಿ ತಿನ್ನುವ ಕುಲದವರು." ಈ ಸಲ ಒಂದು ಸಾಲನ್ನೂ ನುಂಗಲಿಲ್ಲ. ನಡುವೆ ಒಂದು ಕಡೆ ಅವರೇ ಬರೆದಿದ್ದರು: ಇಲ್ಲಿ ಬನಾ ಚೋಲಾ ಒಂದು ಸುಳ್ಳು ಸೇರಿಸುತ್ತಾಳೆ, ಯಾರೂ ನಂಬಬೇಡಿ. ಅದನ್ನೂ ಓದಿ, ಒಂದು ಸುಳ್ಳು ಸೇರಿಸಿದೆ.

ಕೊನೆಯ ಸಾಲಿಗೆ ಬಂದೆ. "ಈ ವಾರದ ಹಾಜರಿ ಒಂದು. ಅವಳೊಬ್ಬಳು ಬಂದರೆ ನನ್ನ ಕ್ಲಾಸು ತುಂಬುತ್ತದೆ, ಇದು ತಮಾಷೆಯಲ್ಲ," ಎಂದಿತ್ತು. ಅದನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ಜೋರಾಗಿ ಓದುವ ಮೊದಲೇ ಬೆರಳು ಗುಂಡಿಯಿಂದ ಜಾರಿ, ಅಲ್ಲಿಯವರೆಗಿನ ಧ್ವನಿ ಗುಂಪಿಗೆ ಹೊರಟುಹೋಯಿತು. ಕೊನೆಯೇನಾಯಿತು ಎಂದು ಗುಂಪಿನವರೆಲ್ಲ ಕೇಳಿದರು. ಬಂಡಲ್ ಮುಗಿಯಿತು ಎಂದೆ.

ಸೋಮವಾರ ಮೇಷ್ಟ್ರು ಪುಸ್ತಕದ ಜೊತೆ ಬಂದರು. ಕೊನೆಯ ಸಾಲಿನ ಕುತೂಹಲಕ್ಕೆ ಗುಂಪಿನ ಕೆಲವರು ಬ್ಲಾಗಿಗೆ ಇಣುಕಿ ಎಣಿಕೆ ಏಳಾಗಿತ್ತು, ಆದರೆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಎಂದಷ್ಟೇ ಬರೆದಿತ್ತು.

"ಕೊನೇ ಸಾಲು ಓದಲಿಲ್ಲವಂತೆ."

"ಬಂಡಲ್ ಮುಗೀತು ಮೇಷ್ಟ್ರೇ."

ಅವರು ನನ್ನ ಮುಖವನ್ನೇ ನೋಡಿದರು. "ಮಂಗ ತಿನ್ನೋರಿಗೆ ಸುಳ್ಳು ಹೇಳೋಕೂ ಬರಲ್ಲ," ಎಂದು ತಮ್ಮ ಜಾಗದಲ್ಲಿ ಕೂತು, ಮುಂದಿನ ಶುಕ್ರವಾರಕ್ಕೆ ಯಾರ ಬಗ್ಗೆ ಬರೆಯಲಿ ಎಂದು ಕೇಳಿದರು.