ಬೀಗರು ದೋಣಿ ಹತ್ತಿದ ದಿನ

ಶಾಲೆಯ ಮಕ್ಕಳನ್ನು ತುಂಬಿಕೊಂಡು ದೋಣಿಯಕ್ಕ ಹೊಳೆಯ ನಟ್ಟನಡುವೆ ಇದ್ದಳು. ಮೋಟಾರು ಇದ್ದಕ್ಕಿದ್ದಂತೆ ಹುಚ್ಚು ಹಿಡಿದಂತೆ ಅರಚತೊಡಗಿತು, ದೋಣಿ ಮಾತ್ರ ಒಂದಿಂಚೂ ಮುಂದೆ ಹೋಗಲಿಲ್ಲ. ಗೇರು ತೆಗೆದು ಮತ್ತೆ ಹಾಕಿದಳು. ನೀರಿನಡಿಯಲ್ಲಿ ಕಟಕಟ ಸದ್ದಾಯಿತು, ಅಷ್ಟೇ. ಸೆಳೆತ ದೋಣಿಯನ್ನು ಬಂಡೆಗಳತ್ತ ಎಳೆಯತೊಡಗಿತು.

"ಯಾರೂ ಏಳ್ಬೇಡಿ! ಪಕ್ಕದವರ ಕೈ ಹಿಡ್ಕೊಳ್ಳಿ!" ಎಂದು ಕೂಗಿ ಹುಟ್ಟು ಕೈಗೆತ್ತಿಕೊಂಡಳು. ತೋಳು ಕಿತ್ತು ಬರುವ ಹಾಗೆ ಹುಟ್ಟು ಹಾಕಿ ದಡ ಮುಟ್ಟಿಸಿದಳು. ಯಾವುದೋ ಮಗುವಿನ ಒಂದು ಚಪ್ಪಲಿ ನೀರುಪಾಲಾಯಿತು ಎಂಬುದು ಬಿಟ್ಟರೆ ಯಾರ ಕೂದಲೂ ಕೊಂಕಲಿಲ್ಲ. ಮಕ್ಕಳು ಇದನ್ನು ಹೊಸ ಆಟವೆಂದು ತಿಳಿದು ಚಪ್ಪಾಳೆ ತಟ್ಟಿದರು. ದಡದಲ್ಲಿ ನಿಂತಿದ್ದ ತಾಯಂದಿರು ತಟ್ಟಲಿಲ್ಲ.

ಮನೆಗೆ ಬಂದವಳೇ ಹುಟ್ಟನ್ನು ಮೂಲೆಗಿಟ್ಟು ಜಗುಲಿಯ ಮೇಲೆ ಕುಳಿತಳು. ಹೋದ ವಾರ ದೋಣಿಯ ಹಿಂಭಾಗ ಮರಳದಿಬ್ಬಕ್ಕೆ ತಗುಲಿತ್ತು. ಅದರಿಂದಲೇ ಹೀಗಾಗಿದೆ, ನನ್ನ ಅಜಾಗರೂಕತೆಯಿಂದ ಮಕ್ಕಳು ಮುಳುಗುತ್ತಿದ್ದರು ಎಂಬ ಯೋಚನೆ ಅವಳನ್ನು ಗೆದ್ದಲಿನಂತೆ ತಿನ್ನತೊಡಗಿತು.

ಮಗಳು ಫೋನಿನಲ್ಲಿ ಹೇಳಿದಳು: "ಅಮ್ಮಾ, ಮೋಟಾರು ಬಿಚ್ಚಿ ನಮ್ಮಾವನ ಹತ್ರ ತಗೊಂಡು ಹೋಗು."

"ಆ ಮನುಷ್ಯನ ಹತ್ರವಾ? ನಾನು ಸತ್ರೂ ಹೋಗಲ್ಲ."

"ನೀನು ಸಾಯೋ ಮಾತು ಆಮೇಲೆ. ಮಕ್ಕಳು ಶಾಲೆಗೆ ಹೋಗೋದು ಹೇಗೆ?"

ಬೀಗರ ಮೇಲಿನ ಸಿಟ್ಟು ಮಗಳ ಮದುವೆಯ ದಿನದ್ದು. ಗಂಡಿನ ಕಡೆಯವರನ್ನು ಕರೆತರಲೆಂದು ಅವಳು ದೋಣಿಗೆ ಬಣ್ಣ ಬಳಿದು, ಹೂವು ಕಟ್ಟಿ ಕಾದಿದ್ದಳು. ಬೀಗರು ಮಾತ್ರ ಎಲ್ಲರನ್ನೂ ವ್ಯಾನಿಗೆ ತುಂಬಿಕೊಂಡು ಊರೆಲ್ಲ ಸುತ್ತಿ, ಊಟದ ಹೊತ್ತಿಗೆ ಬಂದಿಳಿದಿದ್ದರು. "ನನ್ನ ದೋಣಿ ನಿಮ್ಮ ಅಂತಸ್ತಿಗೆ ಸಾಲಲಿಲ್ವೇನೋ" ಎಂದು ಅವಳು ಎಲ್ಲರೆದುರು ಕುಟುಕಿದ್ದಳು. ಅವರು ಕಾರಣ ಹೇಳದೆ ಉಂಡು ಎದ್ದಿದ್ದರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಆದರೆ ಗರಜು ಅವಳದು. ಮೋಟಾರನ್ನು ಕೈಗಾಡಿಗೆ ಹಾಕಿಕೊಂಡು ಅವರ ಮೋಟಾರು ರಿಪೇರಿ ಷೆಡ್ಡಿನ ಮುಂದೆ ನಿಂತಳು.

ಬೀಗರು ಕನ್ನಡಕ ಏರಿಸಿ ನೋಡಿದರು. "ಬನ್ನಿ ಬೀಗರೇ" ಎಂದರು, ನಿನ್ನೆಯಷ್ಟೇ ಮಾತಾಡಿದವರ ಹಾಗೆ. "ಏನಾಯ್ತು ಹೇಳಿ. ಸದ್ದಿನಿಂದ ಶುರು ಮಾಡಿ."

ಅವಳು ಹೇಳಿದಳು. ಮೋಟಾರಿನ ಕೆಳತುದಿಯಲ್ಲಿ, ನೀರಿನೊಳಗೆ ಇರುವ ಗೇರ್ ಪೆಟ್ಟಿಗೆಯ ತಿರುಪನ್ನು ಅವರು ಸಡಿಲಿಸಿದರು. ಕೆಳಗಿಟ್ಟ ತಟ್ಟೆಗೆ ಎಣ್ಣೆಯ ಬದಲು ಹಾಲು ಹೆಚ್ಚಾದ ಚಹಾದಂಥದ್ದು ಇಳಿಯಿತು. "ಒಳಗೆ ನೀರು ಹೋಗಿದೆ" ಎಂದು ಗೊಣಗಿಕೊಂಡರು. ಪ್ರೊಪೆಲ್ಲರನ್ನು ಹಿಡಿದು ಅತ್ತಿತ್ತ ಅಲುಗಾಡಿಸಿದರು; ಅದು ಸಡಿಲ ಹಲ್ಲಿನಂತೆ ಆಡಿತು. ಬಿಚ್ಚಿ ತೆಗೆದಾಗ ಅದರ ಹಿಂದೆ, ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡ ಗಾಳದ ನೈಲಾನ್ ದಾರ ಕಂಡಿತು. ಚಿಮಟದಿಂದ ಎಳೆದಷ್ಟೂ ಬರುತ್ತಿತ್ತು.

"ಮರಳದಿಬ್ಬಕ್ಕೆ ತಗಲಿಸಿದ್ದೆ ನಾನು" ಎಂದಳು ದೋಣಿಯಕ್ಕ, ತಲೆ ತಗ್ಗಿಸಿ.

"ದಿಬ್ಬದ ಮೇಲೆ ಗೂಬೆ ಕೂರಿಸ್ಬೇಡಿ. ಅದು ಬಣ್ಣ ಕೆರೆದಿದೆ, ಅಷ್ಟೆ. ಯಾರೋ ಕಿತ್ತೆಸೆದ ದಾರ ಇದು. ಸುತ್ಕೊಂಡು ಸುತ್ಕೊಂಡು ರಬ್ಬರ್ ಸೀಲನ್ನ ಕೊಯ್ದಿದೆ. ನೀರು ಒಳಗಿಳಿದು ಬೇರಿಂಗು ತುಕ್ಕು ಹಿಡಿದಿದೆ. ಹೊರಗಿಂದ ನೋಡಿದ್ರೆ ದೇವರಿಗೂ ಗೊತ್ತಾಗ್ತಿರಲಿಲ್ಲ."

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತಳು. ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಇಳಿಸಿದಂತಾಯಿತು.

ಬೀಗರು ಪೆಟ್ಟಿಗೆಯೊಳಗಿನದನ್ನೆಲ್ಲ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದರು. ಒಂದೊಂದು ಗೇರನ್ನೂ ಬೆಳಕಿಗೆ ಹಿಡಿದು, ಉಗುರಿನಿಂದ ಹಲ್ಲು ಸವರಿ ನೋಡಿದರು. ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಗೇರು ಗಟ್ಟಿಯಾಗಿವೆ. ಪೆಟ್ಟಿಗೆ ಸೀಳಿಲ್ಲ, ಶಾಫ್ಟು ಬಾಗಿಲ್ಲ. ಗೇರನ್ನ ಕಚ್ಚಿ ಹಿಡಿಯೋ ಈ ಕ್ಲಚ್ಚಿನ ಹಲ್ಲು ಮಾತ್ರ ಸವೆದು ಬೋಳಾಗಿದೆ. ಅದಕ್ಕೇ ಜಾರ್ತಿತ್ತು. ಬೊಚ್ಚುಬಾಯಲ್ಲಿ ಕಬ್ಬು ತಿಂದ ಹಾಗೆ."

ಮೂಲೆಯಲ್ಲಿ ಬಿದ್ದಿದ್ದ ಅದೇ ಜಾತಿಯ ಹಳೆಯ ಮೋಟಾರಿನಿಂದ ಚೆನ್ನಾಗಿದ್ದ ಕ್ಲಚ್ಚು ಕಿತ್ತು ತಂದರು. ಹೊಸ ಬೇರಿಂಗು, ಹೊಸ ಸೀಲು ಕೂರಿಸಿದರು. ಅವಳು ಬೇಕಾದ ಸ್ಪ್ಯಾನರು ಕೊಡುತ್ತಾ ಹೋದಳು. ಎಲ್ಲ ಮುಚ್ಚಿದ ಮೇಲೆ ಸೈಕಲ್ ಪಂಪಿನಿಂದ ಪೆಟ್ಟಿಗೆಯೊಳಗೆ ಗಾಳಿ ತುಂಬಿ ನೀರಿನ ಡ್ರಮ್ಮಿಗೆ ಇಳಿಸಿದರು. ಇಬ್ಬರೂ ಬಗ್ಗಿ ನೋಡಿದರು. ಬುಳಕ್ಕೆಂದು ಒಂದು ಗುಳ್ಳೆ ಎದ್ದಿತು.

"ಅಯ್ಯೋ!" ಎಂದಳು.

"ಗಾಬರಿಯಾಗ್ಬೇಡಿ. ತಿರುಪಿನ ವಾಷರು ಹಾಕೋದು ಮರೆತೆ. ನೀವು ಪಕ್ಕದಲ್ಲಿದ್ರೆ ಕೈ ಹೆದರುತ್ತೆ ನೋಡಿ."

ವಾಷರು ಹಾಕಿ ಮತ್ತೆ ಇಳಿಸಿದರು. ನೀರು ಕನ್ನಡಿಯಂತೆ ಸುಮ್ಮನಿತ್ತು. ಎಷ್ಟು ಹೊತ್ತು ನೋಡಿದರೂ ಸುಮ್ಮನೇ ಇತ್ತು.

ಮಾರನೆಯ ದಿನ ಪೆಟ್ಟಿಗೆಗೆ ಹೊಸ ಎಣ್ಣೆ ತುಂಬಿ, ಹೊಳೆದಡದಲ್ಲಿ ಮೋಟಾರು ಜೋಡಿಸಿದರು. ತಾಯಂದಿರು ಕೆಲವರು ದೂರದಲ್ಲಿ ಗುಂಪಾಗಿ ನಿಂತಿದ್ದರು.

"ರಿಪೇರಿ ಮಾಡಿದವರೇ ಮೊದಲು ಕೂರಲಿ" ಎಂದಳು ಅವರಲ್ಲೊಬ್ಬಳು.

ಬೀಗರ ಮುಖ ಸುಣ್ಣ ಬಳಿದ ಹಾಗಾಯಿತು. ದೋಣಿಯ ಅಂಚು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಕಡೆಗೆ ಕಣ್ಣು ಮುಚ್ಚಿ ಒಳಗೆ ಕಾಲಿಟ್ಟು, ಹಲಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕುಳಿತರು.

ದಡ ಬಿಟ್ಟ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಏನು ಬೀಗರೇ, ನೀರು ಅಂದ್ರೆ ಭಯವಾ?"

"ಚಿಕ್ಕವನಿದ್ದಾಗ ಬಾವಿಗೆ ಬಿದ್ದಿದ್ದೆ. ಆಮೇಲೆ ದೋಣಿ ಹತ್ತಿದ್ದು ಇವತ್ತೇ. ಮದುವೆ ದಿನ ಎಲ್ಲರ ಮುಂದೆ ಹೇಗೆ ಹೇಳ್ಲಿ? ದೋಣಿ ಮೋಟಾರಿನ ಮೇಸ್ತ್ರಿ ಅಂತ ಹೆಸರು ಬೇರೆ!"

ದೋಣಿಯಕ್ಕನಿಗೆ ನಗು ಉಕ್ಕಿ ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. "ನಾನೊಬ್ಬಳು ಬಾಯಿಬಡುಕಿ. ತಪ್ಪಾಯ್ತು ಬೀಗರೇ" ಎಂದಳು.

"ಅದೆಲ್ಲ ದಡದ ಮೇಲೆ ಮಾತಾಡೋಣ. ಮೊದಲು ಗೇರು ಹಾಕಿ."

ಗೇರು ಟಕ್ಕೆಂದು ಕಚ್ಚಿತು. ದೋಣಿ ಮೂಗೆತ್ತಿ ಮುನ್ನುಗ್ಗಿತು. ಕಟಕಟವಿಲ್ಲ, ಜಾರುವುದಿಲ್ಲ. ಬಂಡೆಗಳ ಹತ್ತಿರ ಸೆಳೆತ ಜೋರಾಗಿದ್ದಲ್ಲಿ ಅವಳು ಬೇಕೆಂದೇ ವೇಗ ಇಳಿಸಿ, ಹಿಂದಕ್ಕೆ ಹಾಕಿ, ಮತ್ತೆ ಮುಂದಕ್ಕೆ ಹಾಕಿ ನೋಡಿದಳು. ಮೋಟಾರು ಹೇಳಿದ ಮಾತು ಕೇಳಿತು. ಬೀಗರು ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು.

ಅವಳು ದಡದ ಕಡೆ ತಿರುಗಿಸಲು ಹೋದಾಗ, "ಅಷ್ಟು ಬೇಗ ಯಾಕೆ? ಇನ್ನೊಂದು ಸುತ್ತು ಹೊಡೆಯಿರಿ. ಬೇರಿಂಗು ಬಿಸಿ ಆಗುತ್ತಾ ನೋಡ್ಬೇಕು" ಎಂದರು. ಆದರೆ ಅವರು ನೋಡುತ್ತಿದ್ದದ್ದು ಬೇರಿಂಗಿನ ಕಡೆಗಲ್ಲ, ಬಿಸಿಲಿಗೆ ಮಿನುಗುತ್ತಿದ್ದ ನೀರಿನ ಕಡೆಗೆ.

ಮರುದಿನ ಬೆಳಿಗ್ಗೆ ದೋಣಿಯಕ್ಕ ತಾಯಂದಿರಿಗೆ ತುಂಡಾದ ಸೀಲು, ದಾರದ ಉಂಡೆ ಎರಡನ್ನೂ ತೋರಿಸಿದಳು. ಅವರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಮಕ್ಕಳನ್ನು ಒಬ್ಬೊಬ್ಬರಾಗಿ ಹತ್ತಿಸಿದರು. ನಡುಹೊಳೆ ದಾಟುವವರೆಗೂ ಅವಳ ಕಿವಿಯೆಲ್ಲ ಮೋಟಾರಿನ ಮೇಲೇ ಇತ್ತು. ಆಚೆ ದಡ ಮುಟ್ಟಿ, ಕೊನೆಯ ಮಗು ಚೀಲ ಕುಣಿಸುತ್ತಾ ಮೆಟ್ಟಿಲೇರಿ ಓಡಿದ ಮೇಲೆ, ಹಗ್ಗ ಬಿಗಿದು ಅಲ್ಲೇ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಳು.