ನಮೂನೆಯಲ್ಲಿ ಇಲ್ಲದ ಪ್ರಶ್ನೆ

ತೀರಿಹೋದವರ ಬಟ್ಟೆಗಳನ್ನು ಕತ್ತರಿಸಿ, ತುಂಡಿಗೆ ತುಂಡು ಜೋಡಿಸಿ, ಮನೆಯವರಿಗೆ ಹೊದಿಕೆ ಹೊಲಿದುಕೊಡುವುದು ಅತ್ತಿಗೆಯ ಕಸುಬು. ಇದೂ ಒಂದು ವ್ಯಾಪಾರವೇ ಎಂದು ಮೂಗು ಮುರಿದವರಲ್ಲಿ ನಾದಿನಿಯೂ ಒಬ್ಬಳು. ಅಣ್ಣ ಹೋದ ಮೇಲೆ ಅವನ ಅಂಗಿಗಳಿಂದ ಅತ್ತಿಗೆ ಹೊಲಿದಿದ್ದ ಹೊದಿಕೆಯನ್ನು ಒಂದು ಮಧ್ಯಾಹ್ನ ಸುಮ್ಮನೆ ಕಾಲಮೇಲೆ ಎಳೆದುಕೊಂಡಳು ನೋಡಿ, ಸಂಜೆಯವರೆಗೆ ಎದ್ದೇಳಲಿಲ್ಲ. ಅದೇ ವಾರ ಇದ್ದ ಕೆಲಸ ಬಿಟ್ಟು ಅತ್ತಿಗೆಯ ಜೊತೆ ಸೇರಿದಳು.

ಅತ್ತಿಗೆಯ ಕೈ ಚುರುಕು, ಆದರೆ ಕೆಲಸ ಮಾತ್ರ ಅಡ್ಡಾದಿಡ್ಡಿ. ಬಟ್ಟೆ ತಂದವರನ್ನು ಕೂರಿಸಿಕೊಂಡು ಒಂದು ಗಂಟೆ ಮಾತು. ಅದು ಸಾಲದೆಂಬಂತೆ ಗೇಟಿನವರೆಗೆ ಹೋಗಿ ಅಲ್ಲಿ ಇನ್ನೊಂದು ಕಂತು. ಗೇಟಿನ ಬಳಿ ಅವಳು ದನಿ ತಗ್ಗಿಸಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ತೊಳೀಲಾ, ಹೀಗೇ ಇರ್ಲಾ?" ಹತ್ತರಲ್ಲಿ ಮೂರು ಮಂದಿ ಹೀಗೇ ಇರಲಿ ಎನ್ನುತ್ತಿದ್ದರು. ನಾಲ್ಕು ಜನರೆದುರು ಹೇಳಲು ನಾಚಿಕೆಯಾಗುವ ಮಾತು ಅದು, ಅದಕ್ಕೇ ಅಷ್ಟು ದೂರ ಕರೆದೊಯ್ದು ಕೇಳುತ್ತಿದ್ದಳು. ಒಳಗೆ ಕುಳಿತ ನಾದಿನಿಗೆ ಕಾಣುತ್ತಿದ್ದದ್ದು ಮಾತ್ರ ಬಿಸಿಲಲ್ಲಿ ನಿಂತು ಹರಟುವ ಇಬ್ಬರು ಹೆಂಗಸರು.

ಸಣ್ಣ ಉದ್ಯಮ ನಡೆಸುವವರಿಗೆಂದು ಎಂಟು ವಾರದ ತರಬೇತಿ ಇತ್ತು. ನಾದಿನಿ ಒಂದು ದಿನವೂ ತಪ್ಪಿಸದೆ ಹೋದಳು. "ನಿಮ್ಮ ತಲೇಲಿರೋದೆಲ್ಲ ಕಾಗದಕ್ಕೆ ಇಳೀಬೇಕು. ನೀವು ಒಂದಿನ ಬರ್ಲಿಲ್ಲ ಅಂದ್ರೂ ಕೆಲ್ಸ ನಿಲ್ಬಾರ್ದು" ಎಂದಿದ್ದರು ಅಲ್ಲಿನ ಮೇಷ್ಟ್ರು. ಒಳ್ಳೆಯ ಮಾತೇ. ಆದರೆ ಇವಳು ಕಾಗದಕ್ಕೆ ಇಳಿಸಿದ್ದು ತನ್ನ ತಲೆಯಲ್ಲಿದ್ದದ್ದನ್ನು. ಅತ್ತಿಗೆಯ ತಲೆಯಲ್ಲಿ ಏನಿದೆಯೆಂದು ಇವಳಿಗೆಲ್ಲಿ ಗೊತ್ತು? ನಮ್ಮ ಮೌಲ್ಯಗಳು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಮೊದಲನೆಯದು ಗೌರವ, ಎರಡನೆಯದು ಶುಚಿತ್ವ. ದೂರದವರೂ ಬಟ್ಟೆ ಕಳಿಸುವಂತಾಗಲಿ ಎಂದು ಹನ್ನೊಂದು ಪ್ರಶ್ನೆಗಳ ನಮೂನೆ ಮಾಡಿದಳು. ಅತ್ತಿಗೆಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ನಾದಿನಿಯೇ ಗಟ್ಟಿಯಾಗಿ ಓದಿ ಹೇಳಿದಳು.

"ಎಲ್ಲಾ ಬಂತಾ ಅತ್ತಿಗೆ?"

"ಬಂತು ಕಣೆ. ಮಿಕ್ಕಿದ್ದು ಫೋನ್ ಮಾಡಿ ನಾನೇ ಕೇಳ್ಕೋತೀನಲ್ಲ."

ನಮೂನೆ ಕೈಹಿಡಿಯಿತು. ಇಬ್ಬರಿದ್ದ ಕೋಣೆಯಲ್ಲಿ ಒಂಬತ್ತು ಹೆಂಗಸರಾದರು. ಅತ್ತಿಗೆ ಕಣ್ಣಿನ ಆಪರೇಷನ್ನಿಗೆಂದು ಮೂರು ವಾರ ತನ್ನ ಅಕ್ಕನ ಮನೆಗೆ ಹೋದಾಗಲೂ ಕೆಲಸ ನಿಲ್ಲಲಿಲ್ಲ. ಮೇಷ್ಟ್ರು ಹೇಳಿದ್ದು ಸರಿಯೆಂದು ನಾದಿನಿ ಒಳಗೊಳಗೇ ಬೀಗಿದಳು.

ಆ ಮೂರು ವಾರದಲ್ಲೇ ಆ ಪೆಟ್ಟಿಗೆ ಬಂತು. ಏಳು ವರ್ಷದ ಮಗುವಿನ ಎರಡು ಫ್ರಾಕು, ಒಂದು ಸ್ವೆಟರು, ಒಂದು ರಾತ್ರಿಯುಡುಗೆ. ಮೂರು ಪ್ಲಾಸ್ಟಿಕ್ ಚೀಲ ಒಂದರೊಳಗೊಂದು, ಪ್ರತಿ ಚೀಲಕ್ಕೂ ಬಿಗಿಯಾದ ಗಂಟು. ದಾರಿಯಲ್ಲಿ ಧೂಳು ತಾಗದಿರಲಿ ಎಂದು ಪಾಪ, ತಾಯಿ ಎಷ್ಟು ಜೋಪಾನ ಮಾಡಿದ್ದಾಳೆ ಅಂದುಕೊಂಡಳು ನಾದಿನಿ. ಅದುವರೆಗೆ ಒಗೆಯುವುದು ಅತ್ತಿಗೆಯದೇ ಕೆಲಸ. ಈಗ ಬೇರೆಯವರಿಗೆ ಒಪ್ಪಿಸಲು ಮನಸ್ಸು ಬರಲಿಲ್ಲ. ಮಗುವಿನ ಬಟ್ಟೆಯಲ್ಲವೇ! ತಾನೇ ಕೂತು, ಇದ್ದುದರಲ್ಲೇ ಒಳ್ಳೆಯ ಸೋಪು ಹಾಕಿ, ಮೂರು ಸಲ ನೀರು ಬದಲಾಯಿಸಿ ಒಗೆದಳು. ಸ್ವೆಟರಿನ ಕೊರಳಪಟ್ಟಿಯ ಕಲೆಯನ್ನು ಹೋಗುವವರೆಗೂ ಬಿಡಲಿಲ್ಲ. ಅಷ್ಟು ಮನಸ್ಸಿಟ್ಟು ಅವಳು ಯಾವ ಬಟ್ಟೆಯನ್ನೂ ಒಗೆದಿರಲಿಲ್ಲ.

ಹೊದಿಕೆ ಒಯ್ಯಲು ತಾಯಿಯೇ ಬಂದಳು. ಹಿಂದಿನ ದಿನವಷ್ಟೇ ವಾಪಸಾಗಿದ್ದ ಅತ್ತಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದಳು. ತಾಯಿ ಹೊದಿಕೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಬಿಡಿಸಿಯೂ ನೋಡದೆ ಮುಖಕ್ಕೆ ಒತ್ತಿಕೊಂಡಳು. ಒಂದು ಕಡೆ ಮೂಸಿದಳು. ಮಗುಚಿ ಇನ್ನೊಂದು ಕಡೆ ಮೂಸಿದಳು. ಆಮೇಲೆ ಗಡಿಬಿಡಿಯಿಂದ ಅಂಚು ಅಂಚೂ ಹುಡುಕತೊಡಗಿದಳು.

"ತೊಳೆದ್ರಾ?" ಎಂದಳು.

"ಹ್ಞೂಂ, ನಾನೇ ಕೈಯಾರೆ..." ಎಂದ ನಾದಿನಿಯ ಮಾತು ಅತ್ತಿಗೆ ಧಡಕ್ಕನೆ ಎದ್ದು ನಿಂತದ್ದು ಕಂಡು ಅಲ್ಲೇ ನಿಂತಿತು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಗೇಟಿನ ಹರಟೆ ಏನೆಂದು ಆಗ ತಿಳಿಯಿತು ಅವಳಿಗೆ.

"ಕತ್ತರಿಸಿ ಉಳಿದ ಚೂರುಪಾರು ಏನಾದ್ರೂ ಇದ್ಯಾ?" ತಾಯಿ ಕೇಳಿದಳು.

ಕತ್ತರಿಸುವ ಮೊದಲೇ ಒಗೆದದ್ದು. ಚೂರಿನಲ್ಲೇನಿರುತ್ತದೆ? ಹಾಗೆಂದು ಹೇಳುವ ಧೈರ್ಯ ಯಾರಿಗಿತ್ತು? ನಾದಿನಿ ಗೋಣಿಚೀಲವನ್ನು ನೆಲಕ್ಕೆ ಸುರಿದಳು. ಮೂವರೂ ಮಂಡಿಯೂರಿ ಹೆಬ್ಬೆರಳಗಲದ ಚೂರುಗಳನ್ನು ಹೆಕ್ಕಿ ಹೆಕ್ಕಿ ಮೂಸಿದರು. ಎಲ್ಲದರಲ್ಲೂ ಒಳ್ಳೆಯ ಸೋಪಿನ ಘಮ.

"ತಪ್ಪು ನಂದಮ್ಮ," ಎಂದಳು ಅತ್ತಿಗೆ. "ಕೇಳ್ಬೇಕಾದ್ದನ್ನ ನಾನು ಇವಳಿಗೆ ಹೇಳೇ ಇರ್ಲಿಲ್ಲ."

"ಇಲ್ಲ, ನಾನು..." ಎನ್ನುತ್ತಲೇ ನಾದಿನಿ ಅತ್ತುಬಿಟ್ಟಳು.

ತಾಯಿಯೇ ಅವಳ ತೋಳು ಹಿಡಿದು ಎಬ್ಬಿಸಿದಳು. "ಅಳ್ಬೇಡಿ. ನನ್ನ ಮಗಳ ಬಟ್ಟೆ ಅಂತ ಅಷ್ಟು ಚೆನ್ನಾಗಿ ಒಗ್ದಿದೀರಿ. ಯಾರನ್ನ ಬೈಲಿ?"

ಅತ್ತಿಗೆ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ ಹೊದಿಕೆಯನ್ನು ಮಡಿಲಲ್ಲಿಟ್ಟಳು. "ಹೇಗಿರ್ತಿತ್ತು, ಹೇಳಿ. ನಾವೂ ನೆನಪಿಟ್ಕೋತೀವಿ."

ತಾಯಿ ಕಣ್ಣು ಮುಚ್ಚಿಕೊಂಡಳು. "ತಲೆಗೆ ಹಚ್ತಿದ್ದ ಎಣ್ಣೆ ವಾಸನೆ. ಪೆನ್ಸಿಲ್ ಕೆತ್ತಿದ ಹೊಟ್ಟಿಂದು. ಕುಡೀದೆ ಚೆಲ್ಕೊಂಡ ಹಾಲಿಂದು. ಆಮೇಲೆ..." ಬೆರಳುಗಳು ಹೊದಿಕೆಯನ್ನು ಹಿಸುಕಿದವು. "ಇನ್ನೊಂದಿತ್ತು. ಅವಳದೇ ಅಂತ ಒಂದಿತ್ತು. ಅದೇನು ಅಂತ... ಮೂಸಿದ್ರೆ ಗೊತ್ತಾಗ್ತಿತ್ತು ನಂಗೆ. ಬರೀ ನೆನೆಸ್ಕೊಂಡ್ರೆ ಬರ್ತಾ ಇಲ್ಲ."