ಮಹಾನಂದಾಳ ಕೈಯಲ್ಲಿನ ವಾದ್ಯ

ನಾನು ಒಂದು ವಿಡಿಯೊ ಗೇಮಿನ ರಿಮೋಟು. ಅಂಗೈಯಷ್ಟು ಅಗಲ, ಎಡಕ್ಕೆ ನಾಲ್ಕು ದಿಕ್ಕಿನ ಗುಂಡಿ, ಬಲಕ್ಕೆ ಎರಡು ಕೆಂಪು ಬಟನ್ನು, ನೆತ್ತಿಯಿಂದ ಹೊರಟ ಉದ್ದನೆಯ ವೈರಿನ ಬಾಲ. ಹುಟ್ಟಿದ ಊರು ಯಾವುದೆಂದು ಮಾತ್ರ ಕೇಳಬೇಡಿ. ಅದನ್ನು ಡಬ್ಬಿಯ ಮೇಲೆ ಬರೆದಿದ್ದರಂತೆ, ನಾನು ಡಬ್ಬಿಯ ಒಳಗಿದ್ದೆ.

ನಾವು ಅವಳಿಗಳು. ಅಣ್ಣ ಮೊದಲನೇ ರಿಮೋಟು, ನಾನು ಎರಡನೆಯದು. ನೋಡಲು ಒಂದೇ ಅಚ್ಚು, ಆದರೆ ಅಣ್ಣನ ಹೊಟ್ಟೆಯ ಮೇಲೆ ಸ್ಟಾರ್ಟ್ ಎಂಬ ಪುಟ್ಟ ಬಟನ್ನು ಇತ್ತು. ನನಗೆ ಅದನ್ನು ಇಡಲೇ ಇಲ್ಲ. ಆಟ ಶುರುಮಾಡುವುದು, ನಡುವೆ ತಡೆದು ನಿಲ್ಲಿಸುವುದು ಎಲ್ಲ ಅವನ ಯಜಮಾನಿಕೆ, ನಾನೇನಿದ್ದರೂ ಜೊತೆಗೆ ಹೋಗುವವನು. ಒಂದೇ ಮಷೀನಿನ ಹೊಟ್ಟೆಯಿಂದ ಬಂದವರಲ್ಲಿ ಇಂಥ ಭೇದ ಯಾಕೆ ಮಾಡಿದರೋ ಎಂದು ಬಹಳ ದಿನ ಒಳಗೊಳಗೇ ಕುದ್ದಿದ್ದೇನೆ.

ಮೊದಲು ನಮ್ಮನ್ನು ಕೊಂಡವರು ಗದಗಿನಲ್ಲಿದ್ದ ಒಬ್ಬ ಬ್ಯಾಂಕ್ ಮ್ಯಾನೇಜರು. ಅವರ ಇಬ್ಬರು ಮಕ್ಕಳಲ್ಲಿ ಹಿರಿಯನಿಗೆ ಅಣ್ಣ, ಕಿರಿಯನಿಗೆ ನಾನು. ಕಿರಿಯ ಸೋತಾಗಲೆಲ್ಲ ನನ್ನನ್ನು ಗೋಡೆಗೆ ಎಸೆಯುತ್ತಿದ್ದ. ಸೋತದ್ದು ಅವನು, ಪೆಟ್ಟು ತಿಂದದ್ದು ನಾನು. ಒಂದು ದಿನ ನಮ್ಮ ಬಾಲ ಸಿಕ್ಕಿಸುವ ಆಟದ ಪೆಟ್ಟಿಗೆಯೇ ಕೆಟ್ಟು ಕೂತಿತು. ಮ್ಯಾನೇಜರು ನಮ್ಮನ್ನು ಚೀಲದಲ್ಲಿ ಹಾಕಿಕೊಂಡು ಬೆಟಗೇರಿಯ ಒಂದು ಟೀವಿ ರಿಪೇರಿ ಅಂಗಡಿಗೆ ಕೊಟ್ಟು ಹೋದರು. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಟೀವಿ, ಫ್ರಿಜ್, ತುಳಸಿಕಟ್ಟೆಯನ್ನೂ ಲಾರಿಗೆ ಹೇರಿದವರು ನಮ್ಮನ್ನು ಮರೆತರು.

ಮರೆತದ್ದೇ ಒಳ್ಳೆಯದಾಯಿತು. ಆ ಅಂಗಡಿಯ ಒಡೆಯ ಫಕೀರೇಶ. ಸುತ್ತ ಹೊಟ್ಟೆ ಬಿಚ್ಚಿದ ಟೀವಿಗಳು, ನಡುವೆ ಒಂದು ಹಳೆಯ ಕೀಬೋರ್ಡು. ಕೆಲಸವಿಲ್ಲದಾಗ ಅದನ್ನು ನುಡಿಸುತ್ತಿದ್ದ, ಕೆಲಸವಿದ್ದಾಗಲೂ ನುಡಿಸುತ್ತಿದ್ದ. ಸಂಜೆ ಅಂಗಡಿಯ ಎದುರು ಮಿರ್ಚಿ ಗಾಡಿ ಹಚ್ಚುವ ದಾವಲ್ ಅವನ ಜೀವದ ಗೆಳೆಯ. ದಾವಲ್ ರಿದಂ ಪ್ಯಾಡ್ ಬಾರಿಸುವವನು. ಇಬ್ಬರೂ ಸೇರಿ ಮದುವೆಗಳಲ್ಲಿ ರಸಮಂಜರಿ ಕಾರ್ಯಕ್ರಮ ಕೊಡುತ್ತಿದ್ದರು. ಗಂಡುದನಿಗೆ ದಾವಲ್ ಸಾಕಾಗಿದ್ದ. ಹೆಣ್ಣುದನಿಯ ಗಾಯಕಿ ಮದುವೆಯಾಗಿ ಬಳ್ಳಾರಿಗೆ ಹೋದ ಮೇಲೆ ತಂಡ ಒಂಟಿಕಾಲಲ್ಲಿ ನಿಂತಿತ್ತು.

ಪಕ್ಕದ ಅಂಗಡಿ ಮಹಾನಂದಾಳದು. ಜಂಪರು ಹೊಲಿಯುವವಳು. ನಡುವಿನ ಗೋಡೆ ಬರೀ ಹಲಗೆಯದು, ಅದರಾಚೆಯಿಂದ ಹೊಲಿಗೆ ಮಷೀನಿನ ಸದ್ದಿನ ಜೊತೆ ಅವಳ ಹಾಡು ಬರುತ್ತಿತ್ತು. ಎಂಥ ದನಿ ಅಂತೀರಿ! ಫಕೀರೇಶ ಕಾದ ಬೆಸುಗೆಕಡ್ಡಿಯನ್ನು ಕೈಯಲ್ಲಿ ಹಿಡಿದು ಬೆಸುಗೆ ಹಾಕುವುದನ್ನೇ ಮರೆಯುತ್ತಿದ್ದ. ಹಲಗೆಗೆ ಕಿವಿ ಹಚ್ಚಿ ದಾವಲ್ ಕಣ್ಣು ಮುಚ್ಚುತ್ತಿದ್ದ.

ಆದರೆ ಅವಳನ್ನು ಎದುರಿಗೆ ನಿಲ್ಲಿಸಿ ಹಾಡು ಎಂದರೆ ಮುಗಿಯಿತು. ಒಂದು ಗಣೇಶನ ಪೆಂಡಾಲಿನಲ್ಲಿ ಇಬ್ಬರೂ ಗೋಗರೆದು ಅವಳನ್ನು ಮೈಕಿನ ಮುಂದೆ ನಿಲ್ಲಿಸಿದ್ದರಂತೆ. ಜನರ ಮುಖ ಕಂಡಿದ್ದೇ ತಡ, ಗಂಟಲು ಕಟ್ಟಿತು. ಎರಡೂ ಕೈ ಸೆರಗನ್ನು ಹಿಂಡಿದವು, ಬಿಟ್ಟವು, ಮತ್ತೆ ಹಿಂಡಿದವು. ಕಡೆಗೆ ಅವಳು ವೇದಿಕೆ ಇಳಿದು ನೆಟ್ಟಗೆ ಮನೆಗೆ ಹೋದಳು.

“ಹಾಡಬೇಕಂತ ನನಗೂ ಭಾಳ ಆಸೆ ಐತಿ ಫಕೀರಣ್ಣ,” ಎಂದು ಮರುದಿನ ಅತ್ತಳು. “ಆದ್ರ ಕೈ ಖಾಲಿ ಇದ್ರ ನನಗ ಉಸರ ಬರಂಗಿಲ್ಲ. ಇನ್ನೊಮ್ಮೆ ಹಿಂಗಾತಂದ್ರ ಹಾಡೂ ಮಾತ ಎತ್ತಬ್ಯಾಡ್ರಿ. ಮಷೀನಿನ ಮುಂದನೂ ಹಾಡಂಗಿಲ್ಲ ನಾ.”

ಖಂಜರಿ ಕೊಟ್ಟು ನೋಡಿದರು. ಅದನ್ನು ಬಾರಿಸುವುದರಲ್ಲಿ ಹಾಡು ಮರೆತಳು. ಹೊಲಿಗೆ ಮಷೀನನ್ನೇ ವೇದಿಕೆಗೆ ಹೊರೋಣ ಎಂದ ದಾವಲ್. “ಮದಿವಿ ಮನ್ಯಾಗ ಕೂತು ಜಂಪರಿಗೆ ಕಾಜಾ ಮಾಡ್ಲೇನ?” ಎಂದು ಅವಳು ಅವನನ್ನು ಬೈದಳು.

ನಾನು ಈ ಕಥೆಯೊಳಗೆ ಬಂದದ್ದು ಒಂದು ಮಧ್ಯಾಹ್ನ. ಊಟದ ಹೊತ್ತಿಗೆ ಫಕೀರೇಶ ಶಟರನ್ನು ಅರ್ಧಕ್ಕೆ ಇಳಿಸುತ್ತಿದ್ದ. ಮೂವರೂ ನೆಲದ ಮೇಲೆ ಕೂತು ರೊಟ್ಟಿ ತಿನ್ನುವುದು ಅವರ ಪದ್ಧತಿ. ಅವತ್ತು ಅವನು ನಮ್ಮ ಪೆಟ್ಟಿಗೆಯನ್ನು ರಿಪೇರಿ ಮಾಡಿ ಮುಗಿಸಿದ್ದ. ಆಟದ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಪೆಟ್ಟಿಗೆಗೆ ಹಾಕಿದ. ಬಂದದ್ದು ಟ್ಯಾಂಕಿನ ಆಟ. ಕೆಳಗೆ ನಮ್ಮ ಕೋಟೆ, ಮೇಲಿನಿಂದ ಇಳಿದು ಬರುವ ವೈರಿ ಟ್ಯಾಂಕುಗಳು, ಕೋಟೆ ಕಾಯಲು ನಮ್ಮವು ಎರಡು, ಒಂದೊಂದು ರಿಮೋಟಿಗೆ ಒಂದೊಂದು. ಕೋಟೆಗೆ ಗುಂಡು ಬಿದ್ದರೆ ಆಟ ಮುಗಿಯಿತು. ಅಣ್ಣನನ್ನು ತಾನು ಹಿಡಿದು, ನನ್ನನ್ನು ಮಹಾನಂದಾಳ ಕೈಗೆ ಕೊಟ್ಟ.

ಅವಳ ಬೆರಳುಗಳು ಬಂದು ನನ್ನ ಮೇಲೆ ಕೂತಾಗ ನನಗೆ ತಿಳಿಯಿತು, ಇವು ಎಸೆಯುವ ಬೆರಳುಗಳಲ್ಲ. ಸೂಜಿ ಹಿಡಿದು ಹಿಡಿದು ತುದಿ ಒರಟಾಗಿತ್ತು, ಹಿಡಿತ ಮಾತ್ರ ಮೆತ್ತಗೆ. ಅವಳು ಟ್ಯಾಂಕು ಓಡಿಸಿದಳು. ಓಡಿಸುತ್ತ ಓಡಿಸುತ್ತ ಹಾಡತೊಡಗಿದಳು! ಮೊದಲು ಗುನುಗು, ಆಮೇಲೆ ಪೂರ್ತಿ ಗಂಟಲು. ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡರು. ಫಕೀರೇಶ ಅಣ್ಣನನ್ನು ಮೆಲ್ಲಗೆ ನೆಲಕ್ಕಿಟ್ಟು ಕೀಬೋರ್ಡು ಎಳೆದುಕೊಂಡ. ದಾವಲ್ ರೊಟ್ಟಿಯ ಡಬ್ಬಿಯನ್ನೇ ತಾಳಕ್ಕೆ ಹಿಡಿದ. ಕೋಟೆ ಬೀಳುವ ಮೊದಲೇ ಪುಣ್ಯಕ್ಕೆ ಹಾಡು ಮುಗಿಯಿತು, ಆಗ ಶಟರಿನ ಕೆಳಗೆ ದಾರಿಹೋಕರ ಕಾಲುಗಳ ಸಾಲೇ ನಿಂತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಹೀಗೆ ನಾನು ವೇದಿಕೆ ಏರಿದೆ. ಅಂಗಡಿಯ ಪುಟ್ಟ ಟೀವಿಯೊಂದನ್ನು ವೇದಿಕೆಯ ಅಂಚಿಗೆ, ಜನರಿಗೆ ಬೆನ್ನು ಮಾಡಿ ಇಡುವುದು, ಮೇಲೆ ಜರಿಯ ಶಾಲು ಹೊದಿಸುವುದು, ದನಿ ಬಂದ್. ಮಹಾನಂದಾ ಕುರ್ಚಿಯಲ್ಲಿ ಕೂತು ನನ್ನನ್ನು ತೊಡೆಯ ಮೇಲೆ ಹಿಡಿಯುವಳು. ಸ್ಟಾರ್ಟ್ ಒತ್ತಬೇಕಾದವನು ಅಣ್ಣ ತಾನೆ? ಅವನನ್ನು ಫಕೀರೇಶನ ಕೀಬೋರ್ಡಿನ ಕೆಳಗೆ ನೆಲದ ಮೇಲೆ ಇಟ್ಟರು. ಫಕೀರೇಶ ಬಲಗಾಲಿನ ಹೆಬ್ಬೆರಳಿನಿಂದ ಸ್ಟಾರ್ಟ್ ಒತ್ತುತ್ತಿದ್ದ, ಆಟವೂ ಹಾಡೂ ಒಟ್ಟಿಗೆ ಶುರುವಾಗುತ್ತಿದ್ದವು. ಯಜಮಾನಿಕೆಯ ಅಣ್ಣನ ಹೊಟ್ಟೆಯ ಮೇಲೆ ಕಾಲು ಬಿದ್ದದ್ದು ಕಂಡು ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾದೀತು.

ಮೊದಲ ಮದುವೆಯಲ್ಲಿ ಜನ ಊಟದ ಎಲೆ ಬಿಟ್ಟು ಎದ್ದು ಬಂದು ಕೇಳಿದರು. ಎಲ್ಲರ ಕಣ್ಣೂ ನನ್ನ ಮೇಲೆ. ಒಬ್ಬ ರುಮಾಲಿನ ಅಜ್ಜ ದಾವಲ್‌ನನ್ನು ಹಿಡಿದು ಕೇಳಿದ, “ಆಕೀ ಕೈಯಾಗಿಂದು ಅದು ಯಾವ ವಾದ್ಯಪಾ?”

“ಚೀನಾದ ಕಡೆ ವಾದ್ಯರಿ ಅಜ್ಜಾರ. ಭಾಳ ಸೂಕ್ಷ್ಮ.”

“ಅದಕ್ಕ ಅಂತೀನಿ! ಸ್ವಲ್ಪ ಅದರ ಸೌಂಡ್ ಹೆಚ್ಚ ಮಾಡಪಾ. ಒಂಚೂರೂ ಕೇಳವಲ್ದು.”

ಅಂಗಡಿಗೆ ಬಂದು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಹಾನಂದಾ ಎದೆಯುಬ್ಬಿಸಿ, “ನೋಡ್ರಿ, ಅಷ್ಟ ಹಾಡು ಹಾಡಿದೆ, ಒಮ್ಮೆನೂ ಕ್ವಾಟೆ ಬೀಳಗೊಡಲಿಲ್ಲ!” ಎಂದಳು. ಫಕೀರೇಶ ಜೋರಾಗಿ ಚಪ್ಪಾಳೆ ತಟ್ಟಿದ. ದಾವಲ್ ಕೆಮ್ಮಿದ.

ಆ ಕೆಮ್ಮಿನ ಅರ್ಥ ನನಗೆ ಗೊತ್ತಿತ್ತು. ಮಹಾನಂದಾ ಟ್ಯಾಂಕಿನ ಆಟದಲ್ಲಿ ಏನೇನೂ ಸಾಲದು. ಹಾಡು ಏರುತ್ತಿದ್ದಂತೆ ಅವಳ ಕಣ್ಣು ಅರೆಮುಚ್ಚುತ್ತಿತ್ತು. ಬೆರಳು ಮಾತ್ರ ನನ್ನ ಮೇಲೆ ಕುಣಿಯುತ್ತಿದ್ದವು, ಅವಳ ಟ್ಯಾಂಕು ಯಾವುದೋ ಮೂಲೆಯ ಗೋಡೆಗೆ ಮೂತಿ ತಿಕ್ಕುತ್ತಾ ನಿಂತಿರುತ್ತಿತ್ತು. ಹಾಗಾದರೆ ಕೋಟೆ ಉಳಿಯುತ್ತಿದ್ದದ್ದು ಹೇಗೆ? ಫಕೀರೇಶ ಸ್ಟಾರ್ಟ್ ಒತ್ತಿ ಕಾಲು ತೆಗೆಯುತ್ತಿರಲಿಲ್ಲ. ಹೆಬ್ಬೆರಳನ್ನು ಅಣ್ಣನ ಮೇಲೆ ಆಚೆ ಈಚೆ ಸರಿಸಿ ತನ್ನ ಟ್ಯಾಂಕನ್ನು ಕೋಟೆಯ ಮುಂದೆ ತಂದು ನಿಲ್ಲಿಸಿ, ಬಂದವರಿಗೆ ಬಂದ ಹಾಗೇ ಗುಂಡು ಹಾರಿಸುತ್ತಿದ್ದ. ಮೇಲೆ ಎರಡು ಕೈ ಕೀಬೋರ್ಡಿನಲ್ಲಿ, ಮುಖದಲ್ಲಿ ಕಲಾವಿದನ ನಗು, ಕೆಳಗೆ ಒಂದು ಹೆಬ್ಬೆರಳಿನ ಯುದ್ಧ. ಇದನ್ನು ಕಂಡವರು ದಾವಲ್ ಮತ್ತು ನಾನು. ದಾವಲ್ ಬಾಯಿ ಬಿಡಲಿಲ್ಲ, ನನಗೆ ಬಾಯಿಯೇ ಇಲ್ಲ.

ಹೀಗೇ ವರ್ಷಗಳು ಸರಿದವು. ಸುತ್ತಲ ಊರುಗಳಲ್ಲೆಲ್ಲ ಮಹಾನಂದಾಳ ಹೆಸರು ಹಬ್ಬಿತು. ನನ್ನ ಬಟನ್ನುಗಳ ಕೆಂಪು ಸವೆದು ಬೆಳ್ಳಗಾಯಿತು.

ಒಂದು ಸಲ ಬೆಟಗೇರಿಯ ನೇಕಾರ ಓಣಿಯವರು ರಾಜ್ಯೋತ್ಸವಕ್ಕೆ ಹಾಡಲು ಕರೆದರು. ಬೆಳಗಿನ ಕಾರ್ಯಕ್ರಮ, ತಮ್ಮೂರಿನದೇ ಜನ. ಅದರ ಹಿಂದಿನ ವಾರ ಫಕೀರೇಶ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡ. ನುಡಿಸಲು ಹುಬ್ಬಳ್ಳಿಯಿಂದ ಬೇರೆ ಕೀಬೋರ್ಡಿನವನು ಬಂದ.

“ಕೈ ಮುರದ್ರ ಏನಾತು, ನಾ ಮ್ಯಾಲ ಒಂದ ಸ್ಟೂಲ್ ಹಾಕ್ಕೊಂಡು ಸುಮ್ನ ಕೂಡ್ತೀನಿ,” ಎಂದ ಫಕೀರೇಶ.

“ಏನ್ ಬ್ಯಾಡ,” ಎಂದಳು ಮಹಾನಂದಾ. “ಒಮ್ಮೆರ ಎದರಿಗಿ ಕೂತು ಕೇಳು. ಸ್ಟಾರ್ಟ್ ದಾವಲ್ ಒತ್ತತಾನ. ಕ್ವಾಟೆ ನಾ ಹೆಂಗೂ ನೋಡ್ಕೋತೀನಲ್ಲ.”

ಫಕೀರೇಶನ ಮುಖ ಇಂಗು ತಿಂದ ಮಂಗನಂತಾಯಿತು. ಏನು ಹೇಳಿಯಾನು? ಕೋಟೆ ಕಾಯುವವನು ತಾನು ಎಂದರೆ ಅವಳ ಧೈರ್ಯವೇ ಮುರಿದೀತು. ಸುಮ್ಮನಿದ್ದರೆ ಕೋಟೆಯೇ ಬಿದ್ದೀತು. ಕೈಯನ್ನು ಜೋಳಿಗೆಯಂತೆ ಕೊರಳಿಗೆ ಕಟ್ಟಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತ.

ದಾವಲ್ ಸ್ಟಾರ್ಟ್ ಒತ್ತಿ ತನ್ನ ಪ್ಯಾಡಿಗೆ ಓಡಿದ. ಹಾಡು ಶುರುವಾಯಿತು. ಅಣ್ಣನ ಟ್ಯಾಂಕು ಇದ್ದಲ್ಲೇ ಕಲ್ಲಿನಂತೆ ನಿಂತಿತ್ತು. ನಮ್ಮದು ಎಂದಿನಂತೆ ಗೋಡೆಗೆ ಮೂತಿ ಹಚ್ಚಿತು. ವೈರಿಗಳು ಆರಾಮಾಗಿ ಇಳಿದು ಬಂದರು. ನಾನು ನನ್ನ ಕೈಲಾದಷ್ಟು ಗುಂಡು ಹಾರಿಸಿದೆ, ಗೋಡೆಗೆ. ಪಲ್ಲವಿ ಮುಗಿದು ಮೊದಲ ಚರಣ ದಾಟುವಷ್ಟರಲ್ಲಿ ಕೋಟೆ ಉರುಳಿತು. ಪರದೆಯ ಮೇಲೆ ಕೆಂಪಕ್ಷರ ಎದ್ದು ನಿಂತಿತು.

ಮಹಾನಂದಾಳ ಬೆರಳು ನನ್ನ ಮೇಲೆ ಸೆಟೆದುಕೊಂಡವು. ಒಂದು ಸಲ ಒತ್ತಿದಳು, ಮತ್ತೊಂದು ಸಲ ಒತ್ತಿದಳು. ನನ್ನಲ್ಲಿ ಸ್ಟಾರ್ಟ್ ಇಲ್ಲವಲ್ಲ! ಹುಟ್ಟಿದಂದಿನಿಂದ ಅಷ್ಟು ಸಂಕಟ ನನಗೆಂದೂ ಆಗಿರಲಿಲ್ಲ. ಎರಡನೇ ಚರಣ ಎತ್ತಿಕೊಳ್ಳುವ ಜಾಗ ಬಂತು, ಹೋಯಿತು. ಹುಬ್ಬಳ್ಳಿಯವನು ಗಾಬರಿಯಾಗಿ ಅದೇ ಸಾಲನ್ನು ತಿರುಗಿ ನುಡಿಸಿದ. ದಾವಲ್ ಇನ್ನೊಂದು ಸುತ್ತು ಬಾರಿಸಿದ, ಮತ್ತೂ ಒಂದು ಸುತ್ತು ಬಾರಿಸಿದ. ಜನ ಗುಸುಗುಸು ಶುರುಮಾಡಿದರು. ಅವಳ ಕಾಲು ಕುರ್ಚಿ ಬಿಟ್ಟು ಏಳಲು ಹವಣಿಸುವುದು ತೊಡೆಯ ಮೇಲಿದ್ದ ನನಗೆ ತಿಳಿಯುತ್ತಿತ್ತು. ಎದ್ದಳೆಂದರೆ ಇನ್ನು ಹಲಗೆಯಾಚೆಯ ಹಾಡೂ ಇಲ್ಲ.

ಮೆಟ್ಟಿಲು ಯಾವ ಕಡೆ ಎಂದು ಹುಡುಕಲು ತಲೆ ಎತ್ತಿದಳು. ಎದುರಿಗೆ ಫಕೀರೇಶ ಕಂಡ.

ಅವನು ಚಪ್ಪಲಿ ಬಿಚ್ಚಿದ್ದ. ಟೀವಿಯ ಬೆನ್ನನ್ನೇ ನೋಡುತ್ತಿದ್ದ, ಹಣೆಯ ತುಂಬ ಬೆವರು. ಬಲಗಾಲಿನ ಹೆಬ್ಬೆರಳು ಬರಿಯ ನೆಲವನ್ನು ಒತ್ತುತ್ತಿತ್ತು, ಎಡಕ್ಕೆ ಸರಿದು ಒತ್ತುತ್ತಿತ್ತು, ಬಲಕ್ಕೆ ಸರಿದು ಒತ್ತುತ್ತಿತ್ತು. ಕೋಟೆ ಬಿದ್ದದ್ದೂ ಗೊತ್ತಿಲ್ಲದೆ ಬಡಪಾಯಿ ಇನ್ನೂ ಕಾಯುತ್ತಲೇ ಇದ್ದ. ಪಕ್ಕದಲ್ಲಿ ಅವನ ಹೆಂಡತಿ ಕಾಲಿಗೆ ಏನು ಕಚ್ಚಿತೋ ಎಂದು ಬಗ್ಗಿ ನೋಡುತ್ತಿದ್ದಳು.

ಮಹಾನಂದಾ ಆ ಬೆರಳನ್ನು ನೋಡಿದಳು. ತಿರುಗಿ ದಾವಲ್‌ನನ್ನು ನೋಡಿದಳು. ಅವನು ಕೆಮ್ಮಿದ. ಅವಳಿಗೆ ಎಲ್ಲ ಅರ್ಥವಾಯಿತು, ಇಷ್ಟು ವರ್ಷದ್ದೂ ಒಟ್ಟಿಗೇ ಅರ್ಥವಾಯಿತು. ಅವಳ ಹೊಟ್ಟೆಯೊಳಗಿಂದ ನಗು ಎದ್ದದ್ದು ಮೊದಲು ನನಗೇ ತಾಕಿತು. ನಗುತ್ತಲೇ, ಕಣ್ಣಲ್ಲಿ ನೀರು ತುಂಬಿಕೊಂಡು, ಅವಳು ಎರಡನೇ ಚರಣ ಎತ್ತಿಕೊಂಡಳು. ನನ್ನನ್ನು ಪಕ್ಕಕ್ಕಿಟ್ಟಳು. ಕೈಗಳು ಸೆರಗನ್ನು ಹಿಂಡಲಿಲ್ಲ, ತಾಳ ಹಾಕಿದವು. ಜನರ ಮುಖ ನೋಡುತ್ತಾ ಅವಳು ಹಾಡಿದ್ದನ್ನು ಅಂದೇ ನಾನು ಕಂಡದ್ದು. ಹಾಡು ಮುಗಿದಾಗ ಓಣಿಗೆ ಓಣಿಯೇ ಎದ್ದು ನಿಂತಿತು.

ಕೆಳಗಿಳಿದವಳು ನೆಟ್ಟಗೆ ಫಕೀರೇಶನ ಮುಂದೆ ಹೋಗಿ ನಿಂತಳು. ನನ್ನನ್ನು ಬಾಲ ಸುತ್ತಿ ಕೈಯಲ್ಲಿ ಹಿಡಿದಿದ್ದಳು.

“ಯಾವಾಗಿನಿಂದ?”

“ಮೊದಲನೇ ಮದಿವಿಯಿಂದ,” ಎಂದ ಅವನು ತಲೆ ತಗ್ಗಿಸಿ.

“ಮತ್ತ ನಾ ಕ್ವಾಟೆ ಉಳಿಸೀನಿ ಅಂತ ಕುಣಿದಾಗೆಲ್ಲ ಮುಂದ ನಿಂತು ಚಪ್ಪಾಳಿ ಹೊಡೀತಿದ್ದೆಲ್ಲ! ನಾಚಿಕಿ ಬರಲಿಲ್ಲೇನ ನಿನಗ?”

“ನಾ ಹೊಡದದ್ದು ಹಾಡಿಗೆವಾ ತಂಗಿ,” ಎಂದ ಫಕೀರೇಶ. “ಕ್ವಾಟೆಗಲ್ಲ.”

ಅವಳು ನನ್ನಿಂದಲೇ ಅವನ ತಲೆಗೆ ಮೆಲ್ಲಗೆ ಒಂದು ಬಡಿದಳು. ಪೆಟ್ಟು ತಿಂದವರಲ್ಲಿ ಅದನ್ನು ಅಷ್ಟು ಸಂತೋಷದಿಂದ ತಿಂದವನನ್ನು ನಾನು ಬೇರೆ ಕಂಡಿಲ್ಲ.

ಅದಾದ ಮೇಲೆ ನಾನು ವೇದಿಕೆ ಏರಲಿಲ್ಲ. ರುಮಾಲಿನ ಅಜ್ಜನಂಥವರು ಕೆಲವು ದಿನ ಆ ಚೀನಾದ ವಾದ್ಯ ಎಲ್ಲಿ ಎಂದು ಕೇಳಿದರು, ಆಮೇಲೆ ಮರೆತರು. ನನಗೆ ಬೇಸರವಾಗಲಿಲ್ಲ. ಮಧ್ಯಾಹ್ನ ಶಟರು ಅರ್ಧಕ್ಕೆ ಇಳಿಯುತ್ತಿತ್ತು, ರೊಟ್ಟಿಯ ಡಬ್ಬಿ ಬಿಚ್ಚುತ್ತಿತ್ತು, ಮೂವರೂ ಸರದಿಯ ಮೇಲೆ ನಮ್ಮನ್ನು ಹಿಡಿದು ಬರೀ ಆಟಕ್ಕಾಗಿ ಆಡುತ್ತಿದ್ದರು. ದಾವಲ್‌ನ ಬೆರಳಿನ ಮಿರ್ಚಿಯ ಎಣ್ಣೆ ಇನ್ನೂ ನನ್ನ ಸಂದಿಯಲ್ಲಿದೆ. ಮಹಾನಂದಾ ಪ್ರತಿ ಸಲವೂ ಸೋಲುತ್ತಿದ್ದಳು, ಪ್ರತಿ ಸಲವೂ ಕ್ಯಾಸೆಟ್ಟಿನದೇ ತಪ್ಪೆನ್ನುತ್ತಿದ್ದಳು.

ಈಗ ನನ್ನ ಬಟನ್ನುಗಳ ಕೆಳಗಿನ ರಬ್ಬರು ಸತ್ತುಹೋಗಿದೆ. ಫಕೀರೇಶ ಬಿಚ್ಚಿ ನೋಡಿ, ಇನ್ನು ಆಗದು ಎಂದು ಕೈಚೆಲ್ಲಿದ. ಗುಜರಿ ಡಬ್ಬಿಗೆ ಹಾಕಲು ಹೋದವನ ಕೈಯಿಂದ ಮಹಾನಂದಾ ನನ್ನನ್ನು ಕಿತ್ತುಕೊಂಡು ಹೋಗಿ ಹೊಲಿಗೆ ಮಷೀನಿನ ಡ್ರಾದಲ್ಲಿ, ನೂಲಿನುಂಡೆಗಳ ನಡುವೆ ಇಟ್ಟಿದ್ದಾಳೆ. ಮೆತ್ತಗಿನ ಜಾಗ. ಮಷೀನು ನಡೆಯುವಾಗ ಮೈಯೆಲ್ಲ ಸಣ್ಣಗೆ ನಡುಗುತ್ತದೆ, ಮೇಲಿನಿಂದ ಹಾಡು ಕೇಳುತ್ತದೆ.

ಇಲ್ಲಿ ಮಲಗಿ ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ. ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಕೋಟೆಯನ್ನೂ ಉಳಿಸಲಿಲ್ಲ, ಒಂದು ಆಟವನ್ನೂ ಶುರುಮಾಡಲಿಲ್ಲ, ವಾದ್ಯವೆನಿಸಿಕೊಂಡೂ ಒಂದು ಸ್ವರ ನುಡಿಯಲಿಲ್ಲ. ಆದರೆ ಹೆದರಿದ ಎರಡು ಕೈಗಳಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಿತ್ತು. ಆಗ ಆ ಕೈಗಳಲ್ಲಿ ಇದ್ದದ್ದು ನಾನು.